ಟಿಬಿ ಇರುವ ಮನೆಗೆ ಅಕ್ಕಿ ಬರ್ತದ, ಬೇಳೆ ಯಾವಾಗ?

ಹೋದ ಮಳೆಗಾಲದಲ್ಲಿ ಬಸವಕಲ್ಯಾಣ ತಾಲ್ಲೂಕಿನ ಒಂದು ತಾಂಡಾಕ್ಕೆ ಹದಗೆಟ್ಟ ರಸ್ತೆಯ ಸುದ್ದಿ ಮಾಡಲು ಹೋಗಿದ್ದೆ. ಫೋಟೊ ತೆಗೆದು ವಾಪಸ್ ಹೊರಟಾಗ ಒಬ್ಬ ಹಿರಿಯರು ಕಟ್ಟೆ ಮೇಲೆ ಕುಳಿತಿದ್ದರು. ಮೈಮೇಲೆ ಮಾಂಸವೇ ಇಲ್ಲ. ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದವರು ಕೆಮ್ಮು ಹತ್ತಿ ಊರಿಗೆ ಬಂದಿದ್ದರು. ಟಿಬಿ ಎಂದು ಗೊತ್ತಾಗಿ ಮೂರು ತಿಂಗಳಾಗಿತ್ತು.

‘ಕಾಕಾ, ಗುಳಿಗಿ ಬರೋಬ್ಬರಿ ತೊಗೋತೀರಿಲ್ಲೊ?’ ಎಂದೆ.

‘ಒಂದಿನಾನೂ ಬಿಟ್ಟಿಲ್ಲಪ. ಖರೆ ಗುಳಿಗಿ ತೊಗೊಂಡ್ರ ಹಸಿವು ಭಾಳ ಆಗ್ತದ. ಹಸಿವಾದ್ರ ಮನ್ಯಾಗ ಏನದ? ಅನ್ನ, ಖಾರ. ಅಷ್ಟೇ.’

ಅವರ ಗುಳಿಗೆ ಆರು ತಿಂಗಳಿಗೆ ಮುಗಿಯಿತು, ವಾಸಿಯೂ ಆದರು. ಈ ಚಳಿಗಾಲದಲ್ಲಿ ಅದೇ ಮನೆಯ ಸೊಸೆಗೆ ಕೆಮ್ಮು ಶುರುವಾಯಿತು. ಕಫ ಪರೀಕ್ಷೆಯಲ್ಲಿ ಟಿಬಿ ಬಂತು. ಆಕೆಗೆ ಎರಡು ಸಣ್ಣ ಮಕ್ಕಳು.

ಇದರಲ್ಲಿ ತಪ್ಪು ಯಾರದು ಎಂದು ಹುಡುಕಲು ನಾನು ಇದನ್ನು ಬರೆಯುತ್ತಿಲ್ಲ. ಗುಳಿಗೆ ಬಂದಿತ್ತು, ಆಶಾ ಕಾರ್ಯಕರ್ತೆ ಮನೆಗೆ ಬಂದಿದ್ದರು. ಆದರೂ ಒಂದೇ ಮನೆಯಲ್ಲಿ ರೋಗ ಒಬ್ಬರಿಂದ ಇನ್ನೊಬ್ಬರಿಗೆ ದಾಟಿತು. ಈ ದಾಟುವಿಕೆಯನ್ನು ಸಾಕಷ್ಟು ಮಟ್ಟಿಗೆ ತಡೆಯಬಹುದು ಎಂದು ನಮ್ಮ ದೇಶದ್ದೇ ಒಂದು ದೊಡ್ಡ ಅಧ್ಯಯನ ತೋರಿಸಿದೆ. ಅದನ್ನು ಮುನ್ನಡೆಸಿದ ವೈದ್ಯರು ಇರುವುದು ಕರ್ನಾಟಕದಲ್ಲೇ. ಆದರೆ ಆ ಮಾತು ನಮ್ಮ ಹಳ್ಳಿಗಳಿಗೆ ಇನ್ನೂ ಮುಟ್ಟಿಲ್ಲ.

ಅಧ್ಯಯನ ಏನು ಹೇಳಿತು?

ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ತಂಡ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ಈ ಕೆಲಸ ಮಾಡಿತು. ಹೆಸರು ‘ರೇಷನ್ಸ್’ ಅಧ್ಯಯನ. 2019ರಲ್ಲಿ ಶುರುವಾಗಿ 2022ರವರೆಗೆ ನಡೆಯಿತು. 2023ರ ಆಗಸ್ಟ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗಳಲ್ಲಿ ಪ್ರಕಟವಾಯಿತು.

ಅಧ್ಯಯನದಲ್ಲಿ 2,800 ಟಿಬಿ ರೋಗಿಗಳಿದ್ದರು. ಅವರ ಮನೆಗಳಲ್ಲಿದ್ದ ಉಳಿದವರು 10,345 ಮಂದಿ. ರೋಗಿಗಳೆಲ್ಲರಿಗೂ ಗುಳಿಗೆಯ ಜೊತೆಗೆ ಪ್ರತಿ ತಿಂಗಳು 10 ಕೆ.ಜಿ. ಆಹಾರ ಕೊಟ್ಟರು. ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ, ಮೇಲೆ ವಿಟಮಿನ್ ಗುಳಿಗೆ. ವ್ಯತ್ಯಾಸ ಇದ್ದದ್ದು ಮನೆಯ ಉಳಿದವರ ವಿಷಯದಲ್ಲಿ. ಒಂದು ಗುಂಪಿನ ಮನೆಗಳಲ್ಲಿ ದೊಡ್ಡವರೊಬ್ಬರಿಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ ಮತ್ತು ವಿಟಮಿನ್ ಕೊಟ್ಟರು, ಸಣ್ಣ ಮಕ್ಕಳಿಗೆ ಇದರ ಅರ್ಧ. ಇನ್ನೊಂದು ಗುಂಪಿನವರು ಎಂದಿನಂತೆ ತಮ್ಮ ಮನೆಯಲ್ಲಿದ್ದದ್ದನ್ನು ಉಂಡರು.

ಆಮೇಲೆ ಯಾರಿಗೆ ಟಿಬಿ ಬರುತ್ತದೆ ಎಂದು ಕಾದು ನೋಡಿದರು. ಆಹಾರ ಸಿಗದ 4,724 ಜನರಲ್ಲಿ 122 ಮಂದಿಗೆ ಬಂತು. ಆಹಾರ ಸಿಕ್ಕ 5,621 ಜನರಲ್ಲಿ 96 ಮಂದಿಗೆ ಬಂತು. ಲೆಕ್ಕ ಹಾಕಿದರೆ ಟಿಬಿ ಶೇ 39ರಷ್ಟು ಕಡಿಮೆ. ಬೇರೆಯವರಿಗೆ ಹರಡುವಂಥ, ಕಫದಲ್ಲಿ ರೋಗಾಣು ಕಾಣುವ ಶ್ವಾಸಕೋಶದ ಟಿಬಿಯನ್ನಷ್ಟೇ ನೋಡಿದರೆ ಶೇ 48ರಷ್ಟು ಕಡಿಮೆ. ಹೆಚ್ಚುಕಡಿಮೆ ಅರ್ಧ. ಹೊಸ ಔಷಧಿಯಿಂದ ಅಲ್ಲ, ಅಕ್ಕಿ ಮತ್ತು ಬೇಳೆಯಿಂದ.

ರೋಗಿಗಳ ವಿಷಯದಲ್ಲೂ ಒಂದು ಮುಖ್ಯ ಮಾತು ತಿಳಿಯಿತು. ಚಿಕಿತ್ಸೆ ಶುರುವಾದ ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಸುಮಾರು ಶೇ 60ರಷ್ಟು ಕಡಿಮೆ ಇತ್ತು. 40 ಕೆ.ಜಿ. ತೂಕದವರಿಗೆ ಶೇ 5 ಅಂದರೆ ಎರಡೇ ಕೆ.ಜಿ. ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ಅಧ್ಯಯನದಲ್ಲಿ ರೋಗಿಗಳೆಲ್ಲರಿಗೂ ಆಹಾರ ಸಿಕ್ಕಿತ್ತು. ಹಾಗಾಗಿ ತೂಕ ಏರಿದ್ದರಿಂದಲೇ ಬದುಕಿದರೋ, ಬದುಕುವ ಶಕ್ತಿ ಇದ್ದವರ ತೂಕ ಏರಿತೋ ಎಂದು ಪೂರ್ತಿ ಬಿಡಿಸಿ ಹೇಳಲಾಗದು. ಆದರೆ ತೂಕ ಏರದ ರೋಗಿಯ ಮೇಲೆ ಹೆಚ್ಚು ಕಣ್ಣಿಡಬೇಕು ಎಂಬುದರಲ್ಲಿ ಅನುಮಾನವಿಲ್ಲ.

ಈ ರೋಗಿಗಳು ಎಷ್ಟು ಸೊರಗಿರುತ್ತಾರೆ? ಅದೇ ವೈದ್ಯರು ಛತ್ತೀಸಗಡದ ಗನಿಯಾರಿಯ ರೋಗಿಗಳ ಬಗ್ಗೆ 2013ರಲ್ಲಿ ಪ್ರಕಟಿಸಿದ ಅಂಕಿಅಂಶ ನೋಡಿ. ಗಂಡಸರ ತೂಕ ಸರಿಸುಮಾರು 42 ಕೆ.ಜಿ., ಹೆಂಗಸರದು 34 ಕೆ.ಜಿ. ಒಂದು ಗೊಬ್ಬರದ ಚೀಲಕ್ಕಿಂತ ಹಗುರ.

ಸರ್ಕಾರ ಏನು ಕೊಡುತ್ತಿದೆ?

ಏನೂ ಕೊಡುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. 2018ರ ಏಪ್ರಿಲ್‌ನಿಂದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. 2024ರ ನವೆಂಬರ್ 1ರಿಂದ ಅದು 1,000 ರೂಪಾಯಿ ಆಯಿತು. ತೀರಾ ಸೊರಗಿದವರಿಗೆ ಮೊದಲ ಎರಡು ತಿಂಗಳು ಹೆಚ್ಚು ಶಕ್ತಿಯ ಆಹಾರ ಕೊಡುವುದೂ ಸೇರಿತು. 2022ರಲ್ಲಿ ಶುರುವಾದ ‘ನಿಕ್ಷಯ್ ಮಿತ್ರ’ದಲ್ಲಿ ದಾನಿಗಳು ರೋಗಿಗೆ ಆಹಾರದ ಕಿಟ್ ಕೊಡಬಹುದು. 2024ರಲ್ಲಿ ಅದನ್ನು ಮನೆಯವರಿಗೂ ವಿಸ್ತರಿಸಿದರು. ಅಧ್ಯಯನದ ಮಾತು ದೆಹಲಿಗೆ ಮುಟ್ಟಿದೆ ಎನ್ನುವುದಕ್ಕೆ ಇವೇ ಗುರುತು.

ಆದರೆ 1,000 ರೂಪಾಯಿ ಎಂದರೆ ದಿನಕ್ಕೆ 33 ರೂಪಾಯಿ. ಅದೂ ರೋಗಿಯೊಬ್ಬರ ಲೆಕ್ಕ. ದುಡಿಯುವ ಕೈ ಮಲಗಿದ ಮನೆಗೆ ಹಣ ಬಂದರೆ ಅದು ಮೊದಲು ಸಾಲಕ್ಕೆ ಹೋಗುತ್ತದೆ, ಕರೆಂಟ್ ಬಿಲ್ಲಿಗೆ ಹೋಗುತ್ತದೆ, ತಾಲ್ಲೂಕು ಆಸ್ಪತ್ರೆಗೆ ಹೋಗಿಬರುವ ಬಸ್ಸು, ಟಂಟಂ ಚಾರ್ಜಿಗೆ ಹೋಗುತ್ತದೆ. ಅದು ತಪ್ಪಲ್ಲ, ಯಾರಾದರೂ ಹಾಗೇ ಮಾಡುತ್ತಾರೆ. ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ, ಖಾತೆ ಬಂದ್ ಆಗಿರುತ್ತದೆ. ಹೈದರಾಬಾದು, ಪುಣೆ, ಮುಂಬೈಗೆ ದುಡಿಯಲು ಹೋದವರ ದಾಖಲೆ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ. ನಾನು ಮಾತಾಡಿಸಿದ ಕೆಲವರಿಗೆ ಹಣ ಬಂದಾಗ ಗುಳಿಗೆಯೇ ಮುಗಿಯುತ್ತ ಬಂದಿತ್ತು.

ಇನ್ನು ದಾನಿಗಳ ಕಿಟ್. ಒಳ್ಳೆಯದೇ. ಆದರೆ ದಾನಿ ಸಿಕ್ಕ ಊರಿನವರ ಹೊಟ್ಟೆ ತುಂಬಿ, ಸಿಗದ ಊರಿನವರು ಕಾಯುವುದು ಆರೋಗ್ಯ ನೀತಿ ಆಗುವುದಿಲ್ಲ. ಮೇಲಾಗಿ ಕಿಟ್ ಕೊಡುವಾಗ ರೋಗಿಯನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವ ಚಟ ಬೇರೆ. ಅಂಥ ಫೋಟೊ ನಮ್ಮ ಪತ್ರಿಕೆಗಳಲ್ಲೂ ಬರುತ್ತದೆ, ನಾನೂ ಒಮ್ಮೆ ಕಳಿಸಿದ್ದೇನೆ. ಆ ಫೋಟೊದಲ್ಲಿದ್ದ ಹುಡುಗಿಯ ಲಗ್ನದ ಮಾತು ಮುರಿದಿದ್ದು ಆಮೇಲೆ ತಿಳಿಯಿತು. ಅಂದಿನಿಂದ ಕಳಿಸುವುದು ಬಿಟ್ಟಿದ್ದೇನೆ.

ನಮ್ಮಲ್ಲಿ ಕೊರತೆ ಬೇಳೆಯದು

ಜಾರ್ಖಂಡ್‌ನ ಆ ಚೀಲವನ್ನು ನಮ್ಮ ರೇಷನ್ ಜೊತೆ ಇಟ್ಟು ನೋಡಿ. ಅಲ್ಲಿ ಮಾಮೂಲಿ ರೇಷನ್ ಮೇಲೆ ತಲೆಗೆ 5 ಕೆ.ಜಿ. ಅಕ್ಕಿ ಕೊಟ್ಟರು. ಕರ್ನಾಟಕದ ಅನ್ನಭಾಗ್ಯದಲ್ಲಿ ಕೇಂದ್ರದ 5 ಕೆ.ಜಿ. ಮೇಲೆ ರಾಜ್ಯದ 5 ಕೆ.ಜಿ. ಎಂಬ ಲೆಕ್ಕವೇ ಇದೆ. ಅಂದರೆ ಅಕ್ಕಿಯ ಪಾಲು ನಮ್ಮ ಬಡವರ ಮನೆಗೆ ಆಗಲೇ ಮುಟ್ಟಿದಂತೆ. ಮುಟ್ಟದೇ ಇರುವುದು ತಲೆಗೆ ಒಂದೂವರೆ ಕೆ.ಜಿ. ಬೇಳೆ.

ಬೀದರ್ ಜಿಲ್ಲೆ ತೊಗರಿ, ಹೆಸರು, ಉದ್ದು ಬೆಳೆಯುವ ನೆಲ. ಹುಮನಾಬಾದ್, ಬಸವಕಲ್ಯಾಣದ ಹೊಲಗಳಲ್ಲಿ ತೊಗರಿ ಕಾಣದೆ ಹತ್ತು ಕಿಲೋಮೀಟರ್ ಹೋಗಲಾಗದು. ಆದರೂ ಕೂಲಿಯವರ ತಾಟಿನಲ್ಲಿ ಬೇಳೆ ತೆಳ್ಳಗೆ, ನೀರಿನ ಹಾಗೆ. ತೊಗರಿ ಬೆಳೆದವನು ದರ ಬಿತ್ತೆಂದು ಅಳುತ್ತಾನೆ, ಕೊಳ್ಳುವವಳು ದರ ಏರಿತೆಂದು ಅಳುತ್ತಾಳೆ.

ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಲು ರಾಜ್ಯ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿತು. ಬೇಳೆ ಬರುವುದು ಒಳ್ಳೆಯ ಹೆಜ್ಜೆ. ಆದರೆ ಟಿಬಿ ಇರುವ ಮನೆಗೆ ‘ಬದಲು’ ಸಾಲದು, ‘ಜೊತೆಗೆ’ ಬೇಕು. ಅಂಥ ಮನೆಗೆ ಆರು ತಿಂಗಳ ಮಟ್ಟಿಗೆ ಅಕ್ಕಿಯೂ ಕಡಿಮೆಯಾಗದೆ, ತಲೆ ಲೆಕ್ಕದಲ್ಲಿ ಒಂದೂವರೆ ಕೆ.ಜಿ. ಬೇಳೆಯೂ ಸಿಗಬೇಕು. ಕೇಳುತ್ತಿರುವುದು ಇಷ್ಟೇ.

ಎದುರು ಮಾತೂ ಕೇಳೋಣ

ಒಬ್ಬ ಹಿರಿಯ ಡಾಕ್ಟರು ನನಗೆ ಹೇಳಿದರು: ‘ಟಿಬಿ ವಾಸಿ ಮಾಡುವುದು ಗುಳಿಗೆ, ಊಟ ಅಲ್ಲ.’ ಅವರ ಮಾತಿಗೆ ಆಧಾರ ಇದೆ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಪ್ರಸಿದ್ಧ ಅಧ್ಯಯನ, ಸ್ಯಾನಿಟೋರಿಯಂನಲ್ಲಿ ಒಳ್ಳೆಯ ಊಟ, ವಿಶ್ರಾಂತಿ ಪಡೆದವರನ್ನೂ ಬಡ ಮನೆಯಲ್ಲೇ ಇದ್ದು ಔಷಧಿ ತೆಗೆದುಕೊಂಡವರನ್ನೂ ಹೋಲಿಸಿತು. ಇಬ್ಬರೂ ಹೆಚ್ಚುಕಡಿಮೆ ಒಂದೇ ರೀತಿ ವಾಸಿಯಾದರು. ಆ ಅಧ್ಯಯನದಿಂದಲೇ ಲಕ್ಷಾಂತರ ಬಡವರಿಗೆ ಮನೆಯಲ್ಲೇ ಚಿಕಿತ್ಸೆ ಸಿಗುವಂತಾಯಿತು. ಹಾಗಾಗಿ ‘ಹಾಲು ಮೊಟ್ಟೆ ತಿಂದರೆ ಸಾಕು, ಗುಳಿಗೆ ಬೇಡ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗುಳಿಗೆ ಬಿಟ್ಟರೆ ರೋಗ ಔಷಧಿಗೂ ಬಗ್ಗದಂತೆ ಬಲಿಯುತ್ತದೆ.

ಆದರೆ ಮದ್ರಾಸಿನ ಪ್ರಶ್ನೆ ಬೇರೆ, ಜಾರ್ಖಂಡ್‌ನ ಪ್ರಶ್ನೆ ಬೇರೆ. ರೋಗಿಯನ್ನು ಎಲ್ಲಿಟ್ಟು ವಾಸಿ ಮಾಡುವುದು ಎಂಬುದು ಮೊದಲನೆಯದು. ಮನೆಯಲ್ಲಿ ಮುಂದೆ ಯಾರು ಬೀಳುತ್ತಾರೆ ಎಂಬುದು ಎರಡನೆಯದು. ತಾಂಡಾದ ಆ ಸೊಸೆಯ ವಿಷಯದಲ್ಲಿ ಉತ್ತರ ಬೇಕಿದ್ದುದು ಎರಡನೆಯ ಪ್ರಶ್ನೆಗೆ.

ಖರ್ಚಿನ ಮಾತು ಇನ್ನೊಂದು. ಅಧ್ಯಯನದ ಪ್ರಕಾರ ಒಬ್ಬರಿಗೆ ಟಿಬಿ ಬರುವುದನ್ನು ತಪ್ಪಿಸಲು ಸುಮಾರು 30 ಮನೆಗಳ 111 ಜನರಿಗೆ ಆಹಾರ ಕೊಡಬೇಕು. ಎಲ್ಲರನ್ನೂ ದೊಡ್ಡವರೆಂದೇ ಹಿಡಿದರೆ ಆರು ತಿಂಗಳಿಗೆ ಬೇಳೆ ಸುಮಾರು 10 ಕ್ವಿಂಟಾಲ್. ಕೆ.ಜಿ.ಗೆ 120 ರೂಪಾಯಿ ಎಂದಿಟ್ಟುಕೊಂಡರೆ 1 ಲಕ್ಷ 20 ಸಾವಿರ. ಸಣ್ಣ ಮೊತ್ತ ಅಲ್ಲ. ಆದರೆ ಒಬ್ಬರಿಗೆ ಟಿಬಿ ಬಂದರೆ ಆರು ತಿಂಗಳ ಔಷಧಿ, ಹೋದ ಕೂಲಿ, ಮಾಡಿದ ಸಾಲ, ಮತ್ತೆ ಅವರಿಂದ ಹರಡುವ ರೋಗ ಎಲ್ಲ ಸೇರಿಸಿ ನೋಡಿ. ಉಳಿದ 110 ಜನ ಉಂಡ ಬೇಳೆಯೂ ವ್ಯರ್ಥವಾಗುವುದಿಲ್ಲ. ಆ ಹತ್ತು ಕ್ವಿಂಟಾಲನ್ನು ನಮ್ಮ ರೈತರಿಂದಲೇ ಬೆಂಬಲ ಬೆಲೆಗೆ ಕೊಂಡರೆ ದುಡ್ಡು ಜಿಲ್ಲೆಯಲ್ಲೇ ಉಳಿಯುತ್ತದೆ.

ಮೂರನೆಯದು, ರೇಷನ್ ಅಂಗಡಿಯಲ್ಲಿ ಗುಟ್ಟು ರಟ್ಟಾಗುತ್ತದೆ ಎಂಬ ಅಂಜಿಕೆ. ಇದು ನಿಜವಾದ ಅಂಜಿಕೆ. ಅದಕ್ಕೆ ದಾರಿ ಎಂದರೆ ಯಂತ್ರದಲ್ಲಿ ರೋಗದ ಹೆಸರಿಲ್ಲದೆ ಕಾರ್ಡಿನ ಪ್ರಮಾಣವನ್ನಷ್ಟೇ ಬದಲಿಸುವುದು. ಅಂಗಡಿ ಬೇಡ ಎಂದವರಿಗೆ ಆರೋಗ್ಯ ಕೇಂದ್ರದಲ್ಲಿ ಗುಳಿಗೆಯ ಜೊತೆಗೇ ಬೇಳೆ ಕೊಡುವುದು. ಯಾವುದು ಬೇಕೆಂದು ರೋಗಿಯೇ ಹೇಳಲಿ.

ಹಳೆಯ ಪಾಠ

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿನ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಒಂದು ವರದಿ ಪ್ರಕಟಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ಬರುವುದಿಲ್ಲ ಎಂಬ ನಂಬಿಕೆ ಆಗ ಇತ್ತು. ಆದರೆ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಕಫ ನೋಡದೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಲಾಗಿತ್ತು.

ಅರವತ್ತು ವರ್ಷಗಳ ಮೇಲೆ ಈಗಲೂ ನಮಗೆ ‘ಪೌಷ್ಟಿಕ ಆಹಾರ ತಿನ್ನಿ’ ಎಂದು ಗೋಡೆ ಬರಹ ಬರೆಯುತ್ತಾರೆ. ತಿನ್ನಬೇಕೆಂದು ಗೊತ್ತಿಲ್ಲದವರು ಯಾರಿದ್ದಾರೆ? ಕಾಕಾಗೆ ಗೊತ್ತಿತ್ತು. ಮನೆಯಲ್ಲಿ ಇರಲಿಲ್ಲ. ಜಗತ್ತಿನ ನಾಲ್ವರು ಟಿಬಿ ರೋಗಿಗಳಲ್ಲಿ ಒಬ್ಬರು ಭಾರತದವರು. 2025ರೊಳಗೆ ಟಿಬಿ ಮುಕ್ತ ಎಂಬ ಗುರಿಯ ವರ್ಷ ಬಂದಿತು, ರೋಗ ಹೋಗಲಿಲ್ಲ.

ಬಸವಣ್ಣನವರನ್ನು ರಾಜ್ಯ ಸರ್ಕಾರ 2024ರಲ್ಲಿ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಅವರು ದಾಸೋಹ ನಡೆಸಿದ ಕಲ್ಯಾಣ ನಮ್ಮದು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ, ಮಾಣಿಕನಗರದಲ್ಲಿ ಬಂದವರಿಗೆ ಊಟವಿಲ್ಲ ಎಂದ ಉದಾಹರಣೆ ಇಲ್ಲ. ಉಣಿಸುವುದು ಈ ನೆಲಕ್ಕೆ ಗೊತ್ತು. ಆದರೆ ಟಿಬಿ ಮನೆಯ ಬೇಳೆ ದಾನದ ಲೆಕ್ಕದಲ್ಲಿ ಬರಬಾರದು, ಗುಳಿಗೆಯಂತೆ ಹಕ್ಕಿನ ಲೆಕ್ಕದಲ್ಲಿ ಬರಬೇಕು. ಮುಂದಿನ ಕೆಡಿಪಿ ಸಭೆಯಲ್ಲಿ ನಮ್ಮ ಎರಡೂ ತಾಲ್ಲೂಕಿನ ಜನಪ್ರತಿನಿಧಿಗಳು ಇದೊಂದು ಪ್ರಶ್ನೆ ಕೇಳಲಿ: ತಾಲ್ಲೂಕಿನಲ್ಲಿ ಟಿಬಿ ಇರುವ ಮನೆ ಎಷ್ಟು, ಅದರಲ್ಲಿ ಮನೆಯವರೆಲ್ಲರಿಗೂ ಆಹಾರ ಸಿಕ್ಕಿದ್ದು ಎಷ್ಟಕ್ಕೆ?

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಇಷ್ಟು. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಪೈಸೆ ಖರ್ಚಿಲ್ಲ. ಟಿಬಿ ಇದ್ದರೆ ಮನೆಯವರೆಲ್ಲರ ತಪಾಸಣೆಯನ್ನೂ ಕೇಳಿ, ಬರದಂತೆ ತಡೆಯುವ ಗುಳಿಗೆಯೂ ಇದೆ. ಪ್ರತಿ ಸಲ ಹೋದಾಗ ತೂಕ ಮಾಡಿಸಿ ಚೀಟಿಯಲ್ಲಿ ಬರೆಸಿ. ಎರಡು ತಿಂಗಳಾದರೂ ತೂಕ ಏರದಿದ್ದರೆ ಡಾಕ್ಟರಿಗೆ ಹೇಳಿ. ಹಣ ಬರದಿದ್ದರೆ 1800-11-6666 ಸಂಖ್ಯೆಗೆ ಕರೆ ಮಾಡಿ, ಅದು ಉಚಿತ.

ಹೋದ ವಾರ ಮತ್ತೆ ತಾಂಡಾಕ್ಕೆ ಹೋಗಿದ್ದೆ. ಸೊಸೆ ಗುಳಿಗೆ ಶುರು ಮಾಡಿ ಒಂದು ತಿಂಗಳು. ತೂಕ 36ರಿಂದ 37ಕ್ಕೆ ಬಂದಿದೆ. ಮಾವ ತಮ್ಮ ತಾಟಿನ ಬೇಳೆಯನ್ನು ಆಕೆಗೆ ಬಿಡುತ್ತಿದ್ದಾರಂತೆ. ‘ನಂದು ಮುಗದದಲ್ಲಪ, ಆಕಿ ಉಣ್ಲಿ’ ಎಂದರು. ಅವರ ತೂಕ ಈಗ ಎಷ್ಟಿದೆ ಎಂದು ಯಾರೂ ನೋಡಿಲ್ಲ.