ತವರಿನ ಮಾತು

ಸೋದರಿಯರೇ, ಮದುವೆಯಾಗಿ ಬರುವಾಗ ತವರಿನಿಂದ ಸೀರೆ, ಪಾತ್ರೆ, ಬೆಳ್ಳಿಯ ಕುಂಕುಮದ ಬಟ್ಟಲು ತರುತ್ತೇವೆ. ಯಾರ ಲೆಕ್ಕಕ್ಕೂ ಬಾರದ ಇನ್ನೊಂದನ್ನೂ ತಂದಿರುತ್ತೇವೆ. ಅದೇ ನಮ್ಮೂರಿನ ಮಾತು.

ನನ್ನ ತವರು ಗದಗಿನ ಕಡೆ, ಕೊಟ್ಟಿದ್ದು ಹಾಸನದ ಕಡೆಗೆ. ಬಂದ ಮಾರನೇ ದಿನ ಅಡುಗೆಮನೆಯಲ್ಲಿ, “ಅತ್ತೀ, ಉಳ್ಳಾಗಡ್ಡಿ ಎಲ್ಲಿ ಅದಾವ್ರಿ?” ಅಂದೆ. ನಾದಿನಿಯರು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಈರುಳ್ಳಿ, ಬೆಳ್ಳುಳ್ಳಿ, ಕಡಲೆಕಾಯಿ ಅನ್ನೋದು ಕಲಿತೆ. ಬಳ್ಳೊಳ್ಳಿ, ಶೇಂಗಾ ಎಲ್ಲ ಬಾಯೊಳಗೇ ಉಳಿದವು. ಯಾರೂ ಬೈದಿರಲಿಲ್ಲ, ನಕ್ಕಿದ್ದರು ಅಷ್ಟೆ. ಅಷ್ಟೇ ಸಾಕಾಯಿತು. ಫೋನಿನಲ್ಲಿ ಅವ್ವನ ಹತ್ತಿರ ಮಾತ್ರ ಮೊದಲಿನ ಹಾಗೆ ಮಾತಾಡುತ್ತಿದ್ದೆ. ಹೋದ ವರ್ಷ ಅವ್ವ ತೀರಿಕೊಂಡಳು. ಆ ಮಾತಿಗೂ ಮನೆ ಇಲ್ಲದಂತಾಯಿತು.

ಇಷ್ಟು ನೊಂದ ನಾನೇ ಮೊನ್ನೆ ಅದೇ ತಪ್ಪು ಮಾಡಿದೆ ನೋಡಿ. ಮೈದುನನ ಹೆಂಡತಿ ಕುಂದಾಪುರದವಳು, ಮದುವೆಯಾಗಿ ಇನ್ನೂ ಎರಡು ತಿಂಗಳು. “ಅಕ್ಕಾ, ಪ್ಯಾಟಿಗ್ ಹೋಯ್ಕ್” ಅಂದಳು. ಹೋಗಬೇಕು ಅನ್ನೋದಕ್ಕೆ ಅವರಲ್ಲಿ ‘ಹೋಯ್ಕ್’, ಬರಬೇಕು ಅನ್ನೋದಕ್ಕೆ ‘ಬರ್ಕ್’. ನನಗೆ ನಗು ತಡೆಯಲಾಗಲಿಲ್ಲ. ಅವಳ ಮುಖ ಸಪ್ಪಗಾಯಿತು. “ಪೇಟೆಗೆ ಹೋಗ್ಬೇಕಿತ್ತು ಅಕ್ಕ” ಎಂದು ತಿದ್ದಿಕೊಂಡಳು. ಆ ತಿದ್ದಿಕೊಂಡ ಮಾತು ನನ್ನ ಎದೆಗೆ ಚುಚ್ಚಿತು.

ಸಂಜೆ ನಾನೇ ಕರೆದೆ. “ಬಾರವಾ ತಂಗೀ, ಚಾ ಕುಡಿಯೋಣು.” ಈ ಮನೆಯಲ್ಲಿ ಇಪ್ಪತ್ತೆರಡು ವರ್ಷದ ಮೇಲೆ ಬಾಯಿಂದ ಬಂದ ಮಾತು! ಅವಳು ಕಣ್ಣರಳಿಸಿ ನೋಡಿದಳು. ಆಮೇಲೆ ತನ್ನ ಊರಿನ ಮಾತಿನಲ್ಲೇ ಕತೆ ಶುರು ಮಾಡಿದಳು. ಆಸಾಡಿ ಅಮಾಸಿ ದಿನ ಈಗ ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುತ್ತಾರಂತೆ. ಕೇಳಿ ನನಗೂ ಹೆಮ್ಮೆ ಅನ್ನಿಸಿತು.

ಆಡುಮಾತು ಕೀಳು ಅಂದವರು ಯಾರು? ಧಾರವಾಡದ ಮಾತಿನ ಸೊಗಸನ್ನು ಹಾಡಾಗಿಸಿದ ಬೇಂದ್ರೆಯವರಿಗೆ 1973ರ ಜ್ಞಾನಪೀಠ ಬಂತು. ನಂಜನಗೂಡಿನ ಕಡೆಯ ಮಾತಿನಲ್ಲಿ ದೇವನೂರ ಮಹಾದೇವ ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇನ್ನು ನಾವೇಕೆ ನಾಚಬೇಕು?

ನಮ್ಮ ಕಡೆ ಚುರುಮುರಿ, ದಾವಣಗೆರೆಯಲ್ಲಿ ಮಂಡಕ್ಕಿ, ಮೈಸೂರಿನಲ್ಲಿ ಕಡ್ಲೆಪುರಿ. ಹೆಸರು ಮೂರಾದರೂ ಡಬ್ಬಿಯಲ್ಲಿರೋದು ಒಂದೇ ಅಲ್ಲವೇ? ಬೇಳೆ ಒಂದೇ, ಊರೂರಿಗೆ ಒಗ್ಗರಣೆ ಬೇರೆ.

ನಿಮ್ಮ ಮನೆಗೂ ದೂರದ ಊರಿನ ಸೊಸೆಯೋ ವಾರಗಿತ್ತಿಯೋ ಬಂದರೆ, ಅವಳ ಮಾತಿಗೆ ನಗುವ ಮೊದಲು, “ಇದಕ್ಕೆ ನಿಮ್ಮೂರಲ್ಲಿ ಏನಂತಾರಮ್ಮ?” ಅಂತ ಒಮ್ಮೆ ಕೇಳಿ. ತವರು ಬಿಟ್ಟು ಬಂದವಳಿಗೆ ಅಷ್ಟು ಕೇಳಿದರೆ ಒಂದು ಮೊಳ ಹೂ ಮುಡಿಸಿದಂತೆ.

ನಮ್ಮ ಮನೆಯಲ್ಲಿ ಈಗ ಈರುಳ್ಳಿ ಬುಟ್ಟಿಗೆ ಎರಡು ಹೆಸರು. ಅವಳು ‘ನೀರುಳ್ಳಿ’ ಅಂತಾಳೆ. ನಾನು ಧೈರ್ಯವಾಗಿ ‘ಉಳ್ಳಾಗಡ್ಡಿ’ ಅಂತೀನಿ.