ಮನೆಯ ಡಯಾಲಿಸಿಸ್: ನೀರಿಗೆ ಊರೇ ಹೊಣೆ

ಮೂತ್ರಪಿಂಡಗಳೆರಡೂ ಸೋತ ವ್ಯಕ್ತಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಬಾರಿ, ಪ್ರತಿಸಲ ಸುಮಾರು 4 ತಾಸು ಡಯಾಲಿಸಿಸ್ ಬೇಕಾಗುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಈ ಚಿಕಿತ್ಸೆಯನ್ನು ಜಿಲ್ಲಾ ಆಸ್ಪತ್ರೆಗಳ ಮೂಲಕ ಬಡವರಿಗೂ ತಲುಪಿಸಲು ಹೊರಟಿತು. ಆದರೂ ಮಲೆನಾಡಿನ ಒಂಟಿಮನೆಯಿಂದ ಆಸ್ಪತ್ರೆಗೆ ಹೋಗಿಬರುವುದರಲ್ಲೇ ದಿನವೊಂದು ಮುಗಿಯುತ್ತದೆ. ಆಷಾಢದ ಮಳೆಗೆ ಧರೆ ಕುಸಿದು ರಸ್ತೆ ಮುಚ್ಚಿದರೆ ಚಿಕಿತ್ಸೆಯೇ ತಪ್ಪುತ್ತದೆ. ಯಂತ್ರವನ್ನೇ ಮನೆಗೆ ತರುವ ಆಲೋಚನೆ ಹುಟ್ಟುವುದು ಇಂತಹ ಸಂಕಟದಲ್ಲಿ. ಅದೇನೂ ಅಸಾಧ್ಯವಾದುದಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ 1964ರಲ್ಲೇ ಮನೆಯ ಡಯಾಲಿಸಿಸ್ ನಡೆದಿತ್ತು; ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಅದು ಬಹುಕಾಲದಿಂದ ರೂಢಿಯಲ್ಲಿದೆ.

ಆದರೆ ಈ ಚಿಕಿತ್ಸೆಯ ಅರ್ಧಭಾಗ ಯಂತ್ರವಾದರೆ ಉಳಿದರ್ಧ ನೀರು. ಯಂತ್ರದ ಬೆಲೆಯ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ನೀರಿನ ಬಗ್ಗೆ ವಿಚಾರಿಸುವವರು ಕಡಿಮೆ.

ನಿಮಿಷಕ್ಕೆ ಸುಮಾರು ಅರ್ಧ ಲೀಟರಿನಂತೆ 4 ತಾಸಿಗೆ 120 ಲೀಟರ್ ದ್ರಾವಣ ರೋಗಿಯ ರಕ್ತದ ಪಕ್ಕದಲ್ಲಿ ಹರಿಯುತ್ತದೆ. ರಕ್ತಕ್ಕೂ ಅದಕ್ಕೂ ನಡುವೆ ಇರುವುದು ಒಂದು ತೆಳುವಾದ ಪೊರೆ ಮಾತ್ರ. ಆರೋಗ್ಯವಂತನೊಬ್ಬ ವಾರಕ್ಕೆ 14 ಲೀಟರ್ ನೀರು ಕುಡಿದರೆ, ರೋಗಿಯ ರಕ್ತ ಅದೇ ವಾರದಲ್ಲಿ 360 ಲೀಟರಿಗೆ ಮೈಯೊಡ್ಡುತ್ತದೆ. ಕುಡಿದ ನೀರಿನ ದೋಷವನ್ನು ಕರುಳು ಕೆಲಮಟ್ಟಿಗೆ ತಡೆಯುತ್ತದೆ, ಉಳಿದುದನ್ನು ಮೂತ್ರಪಿಂಡ ಹೊರಹಾಕುತ್ತದೆ. ಡಯಾಲಿಸಿಸ್ ರೋಗಿಗೆ ಈ ಎರಡು ಕಾವಲೂ ಇಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸಮ್ಮತವಾದರೂ ಡಯಾಲಿಸಿಸ್ ನೀರಿನಲ್ಲಿ 0.2 ಮಿಲಿಗ್ರಾಂ ಮೀರುವಂತಿಲ್ಲ. ಅಲ್ಯೂಮಿನಿಯಂ 0.01 ಮಿಲಿಗ್ರಾಂ, ತಾಮ್ರ ಮತ್ತು ಒಟ್ಟು ಕ್ಲೋರಿನ್ ತಲಾ 0.1 ಮಿಲಿಗ್ರಾಂ ಮೀರಬಾರದು. ನೀರನ್ನು ಕುದಿಸುವುದರಿಂದ ಲೋಹಗಳಾಗಲಿ ಫ್ಲೋರೈಡ್ ಆಗಲಿ ಹೋಗುವುದಿಲ್ಲ. ಅಡುಗೆಮನೆಯ ಗೋಡೆಗೆ ತೂಗುಹಾಕುವ ಶುದ್ಧೀಕರಣ ಯಂತ್ರವೂ ಈ ಕೆಲಸಕ್ಕೆ ಸಲ್ಲದು.

ಅಲಕ್ಷ್ಯದ ಫಲವೇನೆಂಬುದಕ್ಕೆ 1996ರ ಎರಡು ದುರಂತಗಳು ಸಾಕ್ಷಿ. ಬ್ರೆಜಿಲ್‌ನ ಕರುವಾರು ಪಟ್ಟಣದ ಡಯಾಲಿಸಿಸ್ ಕೇಂದ್ರವೊಂದಕ್ಕೆ ಪಾಚಿಯಂತೆ ಬೆಳೆಯುವ ನೀಲಿಹಸಿರು ಸೂಕ್ಷ್ಮಾಣುಗಳಿದ್ದ ಜಲಾಶಯದ ನೀರು ಸರಿಯಾದ ಶುದ್ಧೀಕರಣವಿಲ್ಲದೆ ಸರಬರಾಜಾಯಿತು. 131 ರೋಗಿಗಳಲ್ಲಿ 116 ಮಂದಿ ಅಸ್ವಸ್ಥರಾದರು. ಆ ಜೀವಿಗಳ ವಿಷದಿಂದ ಯಕೃತ್ತು ಕೆಟ್ಟು 50ಕ್ಕೂ ಹೆಚ್ಚು ಮಂದಿ ಸತ್ತರು. ಕೆರಿಬಿಯನ್ ಸಮುದ್ರದ ಕುರಸಾವೊ ದ್ವೀಪದಲ್ಲಿ ಹೊಸ ಕೊಳವೆಯ ಒಳಮೈಗೆ ಬಳಿದಿದ್ದ ಸಿಮೆಂಟಿನಿಂದ ಅಲ್ಯೂಮಿನಿಯಂ ಕರಗಿ ನೀರಿಗಿಳಿದು 10 ರೋಗಿಗಳನ್ನು ಬಲಿತೆಗೆದುಕೊಂಡಿತು.

ಇವು ದೂರದ ಕಥೆಗಳೆಂದು ಮಲೆನಾಡು ಸುಮ್ಮನಿರುವಂತಿಲ್ಲ. ಇಲ್ಲಿಯ ಅಬ್ಬಿ ನೀರು ಲವಣ ಕಡಿಮೆಯಿರುವ ಮೃದು ನೀರು. ಹಲವೆಡೆ ತುಸು ಆಮ್ಲೀಯವೂ ಹೌದು. ಇಂತಹ ನೀರು ತಾನು ಮುಟ್ಟಿದ ಲೋಹವನ್ನೂ ಸಿಮೆಂಟನ್ನೂ ಕರಗಿಸಿಕೊಳ್ಳುವ ಸ್ವಭಾವದ್ದು. ಜಂಬಿಟ್ಟಿಗೆಯ ಮಣ್ಣಂತೂ ಕಬ್ಬಿಣ, ಅಲ್ಯೂಮಿನಿಯಂಗಳ ಆಗರ. ಗುಡ್ಡ ಬೋಳಾದಲ್ಲಿ ಮೊದಲ ಮಳೆಗೇ ಹಳ್ಳ ಕೆಂಪಾಗುತ್ತದೆ. ಕೊಳೆರೋಗಕ್ಕೆ ಬೋರ್ಡೊ ಸಿಂಪಡಿಸುವುದೂ ಅದೇ ಕಾಲದಲ್ಲಿ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಬೇಕು. ಅದನ್ನು ಕಲಸಿದ ಡ್ರಮ್ಮನ್ನು ಹಳ್ಳದ ತಲೆಯಲ್ಲಿ ತೊಳೆದರೆ ಕೆಳಗಿನ ಮನೆಯ ನೀರಿಗೆ ತಾಮ್ರ ಸೇರುವ ಸಂಭವವಿದೆ. ತಾಮ್ರ ಡಯಾಲಿಸಿಸ್ ನೀರಿಗೆ ಬಂದರೆ ರಕ್ತಕಣಗಳು ಒಡೆಯುತ್ತವೆ. ಕ್ಲೋರಿನ್ನಿನ ಪರಿಣಾಮವೂ ಅದೇ. ಮಳೆಗಾಲದಲ್ಲಿ ಯಾರಿಗೂ ಹೇಳದೆ ಊರ ಟಾಕಿಗೆ ಬ್ಲೀಚಿಂಗ್ ಪುಡಿ ಸುರಿಯುವ ವಾಡಿಕೆ ಉಳಿದವರಿಗೆ ರಕ್ಷಣೆಯಾದರೂ ರೋಗಿಯ ಮನೆಗೆ ಅಪಾಯ.

ಇದನ್ನೆಲ್ಲ ತಡೆಯಲು ಮನೆಯಲ್ಲಿ ಶೋಧಕಗಳ ಸಾಲೇ ಬೇಕಾಗುತ್ತದೆ. ಮೊದಲನೆಯದು ಮಣ್ಣು ಹಿಡಿಯುವ ಶೋಧಕ. ಕೊಳವೆಬಾವಿಯ ಗಡಸು ನೀರಾದರೆ ಮೆದುಗೊಳಿಸುವ ಘಟಕವೂ ಬೇಕು. ಬಳಿಕ ಕ್ಲೋರಿನ್ ಹೀರುವ ಇದ್ದಿಲಿನ ಎರಡು ಪಾತ್ರೆಗಳು. ಮೊದಲನೆಯದು ಸೋತರೆ ಎರಡನೆಯದು ಕಾಯುತ್ತದೆ. ಕೊನೆಗೆ ಲವಣ, ಲೋಹ, ರೋಗಾಣುಗಳನ್ನು ತಡೆಯುವ ಆರ್.ಓ. ಪೊರೆ. ಕ್ಲೋರಿನ್ ಆ ಪೊರೆಯನ್ನೇ ತಿನ್ನುವುದರಿಂದ ಇದ್ದಿಲಿಗೆ ಮುಂದಿನ ಸ್ಥಾನ. ಪ್ರತಿ ಚಿಕಿತ್ಸೆಗೂ ಮುನ್ನ ಮೊದಲ ಇದ್ದಿಲು ಪಾತ್ರೆ ದಾಟಿದ ನೀರಿನ ಕ್ಲೋರಿನ್ ಪರೀಕ್ಷೆ, ವಾಹಕತೆಯ ಮಾಪನ, ಕೊಳವೆಗಳ ಸೋಂಕು ನಿವಾರಣೆ ಮತ್ತು ಸೂಕ್ಷ್ಮಾಣು ಪರೀಕ್ಷೆ ತಪ್ಪದೆ ನಡೆದು ಪುಸ್ತಕದಲ್ಲಿ ದಾಖಲಾಗಬೇಕು. ಕೆಂಪು ನೀರಿನ ಕಾಲದಲ್ಲಿ ಮಣ್ಣಿನ ಶೋಧಕ ಬೇಗ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಸೌದೆ, ಅಕ್ಕಿ ಕೂಡಿಡುವಂತೆ ಶೋಧಕ, ಪರೀಕ್ಷಾ ಪಟ್ಟಿ, ದ್ರಾವಣದ ಕ್ಯಾನುಗಳನ್ನೂ ಮುಂಗಾರಿಗೆ ಮೊದಲೇ ದಿನಾಂಕ ಬರೆದು ಕೂಡಿಡಬೇಕು. ವಿದ್ಯುತ್ತಿಗೆ ಬದಲಿ ವ್ಯವಸ್ಥೆಯೂ ಇರಬೇಕು. ಇಷ್ಟು ಸಾಧ್ಯವಾಗದ ಮನೆಗೆ, ವೈದ್ಯರು ಒಪ್ಪಿದರೆ, ಸಿದ್ಧ ದ್ರಾವಣದ ಚೀಲಗಳಿಂದ ಹೊಟ್ಟೆಯ ಮೂಲಕ ನಡೆಯುವ ಪೆರಿಟೋನಿಯಲ್ ಡಯಾಲಿಸಿಸ್ಸೇ ಲೇಸು. ಅದಕ್ಕೆ ಶೋಧಕಗಳ ಸಾಲು ಬೇಡ.

ಹೊರಬೀಳುವ ನೀರಿನ ಲೆಕ್ಕವೂ ಮುಖ್ಯ. ಸಣ್ಣ ಆರ್.ಓ. ಘಟಕಗಳು ಒಳಬಂದ ನೀರಿನ ಅರ್ಧಕ್ಕೂ ಹೆಚ್ಚನ್ನು ಹೊರಚೆಲ್ಲುವುದುಂಟು. ಈ ನೀರು ರೋಗಿಯನ್ನು ಮುಟ್ಟಿರುವುದಿಲ್ಲ. ಲವಣ ತುಸು ಸಾಂದ್ರವಾಗಿರುತ್ತದೆ, ಅಷ್ಟೆ. ಆಸ್ಟ್ರೇಲಿಯಾದ ಜೀಲಾಂಗ್‌ನಲ್ಲಿ ವೈದ್ಯ ಜಾನ್ ಆಗರ್ ಮತ್ತು ಸಂಗಡಿಗರು ಇದನ್ನು ಶೌಚಾಲಯಕ್ಕೂ ಕೈತೋಟಕ್ಕೂ ಬಳಸಿ ತೋರಿಸಿದರು. ಚೈತ್ರ ವೈಶಾಖಗಳಲ್ಲಿ ಬಾವಿ ಬತ್ತುವ ಮಲೆನಾಡಿನಲ್ಲಿ ಕೊಟ್ಟಿಗೆ ತೊಳೆಯಲು ಇದು ಸಲ್ಲುತ್ತದೆ, ಕುಡಿಯಲು ಮಾತ್ರ ಸಲ್ಲದು. ಯಂತ್ರದಿಂದ ಹೊರಬರುವ ಬಳಸಿದ ದ್ರಾವಣದ ವಿಚಾರ ಬೇರೆ. ಪ್ರತಿ ಚಿಕಿತ್ಸೆಯ ದ್ರಾವಣದಲ್ಲಿ ಸುಮಾರು 1 ಕಿಲೋ ಲವಣವಿರುತ್ತದೆ. ವರ್ಷಕ್ಕೆ ಅದು 150 ಕಿಲೋ ದಾಟುತ್ತದೆ. ಅದನ್ನು ಅಡಿಕೆಯ ಬುಡಕ್ಕೂ ಹಳ್ಳಕ್ಕೂ ಬಿಡದೆ ಬಾವಿಯಿಂದ ದೂರದ ಇಂಗುಗುಂಡಿಗೆ ಹರಿಸಬೇಕು.

ಇಷ್ಟೂ ಕೆಲಸವನ್ನು ರೋಗಿಯ ಹೆಂಡತಿಯೋ ಮಗನೋ ಒಂಟಿಯಾಗಿ ಹೊರಬೇಕೆಂಬುದು ನ್ಯಾಯವಲ್ಲ. ಶೋಧಕ ಕೊನೆಯ ಕಾವಲು. ಮೊದಲ ಕಾವಲು ಅಬ್ಬಿಯ ಮೇಲಿನ ಕಾಡು. ಕಾಡು ಉಳಿದಲ್ಲಿ ನೀರು ತಿಳಿಯಾಗಿ ಬರುತ್ತದೆ, ಶೋಧಕವೂ ಹೆಚ್ಚು ಕಾಲ ಬಾಳುತ್ತದೆ. ಯಂತ್ರ ಕೊಡುವ ಸರ್ಕಾರವಾಗಲಿ ದಾನಿಗಳಾಗಲಿ ನೀರಿನ ಪರೀಕ್ಷೆಯ ಮತ್ತು ಶೋಧಕಗಳ ವೆಚ್ಚವನ್ನೂ ಅದರ ಜೊತೆಗೇ ಕೊಡಬೇಕು. ಯಂತ್ರ ಮನೆ ಹೊಗುವ ಮುನ್ನ ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಮೂಲದ ನೀರಿನ ಪರೀಕ್ಷೆಯಾಗಬೇಕು. ಟಾಕಿಗೆ ಪುಡಿ ಹಾಕುವ ಹಿಂದಿನ ದಿನವೇ ಪಂಚಾಯತಿ ಆ ಮನೆಗೆ ತಿಳಿಸಬೇಕು. ಮೇಲಿನ ತೋಟದವರು ಸಿಂಪರಣೆಯ ಡ್ರಮ್ಮನ್ನು ಹಳ್ಳದಿಂದ ದೂರದಲ್ಲಿ ತೊಳೆಯಬೇಕು. ಶಾಲೆಯ ಮಕ್ಕಳು ಹಳ್ಳದ ನೀರಿನ ಬಣ್ಣ, ಆಮ್ಲೀಯತೆಗಳನ್ನು ವಾರಕ್ಕೊಮ್ಮೆ ಬರೆದಿಟ್ಟರೆ ಅದು ವಿಜ್ಞಾನದ ಪಾಠವೂ ಆದೀತು, ಒಂದು ಜೀವಕ್ಕೆ ಮುನ್ನೆಚ್ಚರಿಕೆಯೂ ಆದೀತು. ಇವುಗಳಲ್ಲಿ ಪುಡಿಯ ವಿಷಯ ತಿಳಿಸುವುದಕ್ಕೂ ಡ್ರಮ್ಮು ತೊಳೆಯುವ ಜಾಗ ಬದಲಿಸುವುದಕ್ಕೂ ಯಾವ ಅನುದಾನವೂ ಬೇಕಿಲ್ಲ. ಈ ಮುಂಗಾರಿನಿಂದಲೇ ಅವನ್ನು ಆರಂಭಿಸಬಹುದು.