ಕಾನೂನುವಿದ್ಯೆಯ ಪ್ರವೇಶಪರೀಕ್ಷೆ

ಒಂದು ಅಗುಳನ್ನು ಹಿಸುಕಿ ಪಾತ್ರೆಯ ಅನ್ನವೆಲ್ಲ ಬೆಂದಿತೆಂದು ತಿಳಿಯುವುದು ಸ್ಥಾಲೀಪುಲಾಕನ್ಯಾಯ. ಪ್ರವೇಶಪರೀಕ್ಷೆಗಳೆಲ್ಲ ನಿಂತಿರುವುದು ಈ ನ್ಯಾಯದ ಮೇಲೆಯೇ. ಆದರೆ ಹಿಸುಕಿದ ಅಗುಳು ಅದೇ ಪಾತ್ರೆಯದಾಗಿರಬೇಕಷ್ಟೆ. ಕಾನೂನು ಕಲಿಯಬಯಸುವವರ ವಿವೇಚನೆಯನ್ನು ಅಳೆಯುವೆವೆಂದು ಹೇಳಿ ಅವರ ಆಂಗ್ಲಭಾಷೆಯನ್ನು ಅಳೆಯುವುದು, ಒಂದು ಪಾತ್ರೆಯ ಅನ್ನಕ್ಕೆ ಇನ್ನೊಂದು ಪಾತ್ರೆಯ ಅಗುಳನ್ನು ಪ್ರಮಾಣವಾಗಿ ಹಿಡಿದಂತೆಯೇ ಸರಿ.

ಪಿ.ಯು. ಮುಗಿಸಿದವರ ಮುಂದೆ ಮುಖ್ಯವಾಗಿ ಎರಡು ಪರೀಕ್ಷೆಗಳಿವೆ. ೨೦೦೮ರಲ್ಲಿ ಮೊದಲಾದ ‘ಕ್ಲ್ಯಾಟ್’ ಪರೀಕ್ಷೆಯು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೂ ಸೇರಿದಂತೆ ೨೦ಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳಿಗೆ ಬಾಗಿಲು. ‘ಐಲೆಟ್’ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾನಿಲಯದ್ದು. ಮೊದಲನೆಯದರಲ್ಲಿ ೧೨೦ ನಿಮಿಷಗಳಿಗೆ ೧೨೦ ಪ್ರಶ್ನೆಗಳು; ಎರಡನೆಯದರಲ್ಲಿ ಅಷ್ಟೇ ಕಾಲಕ್ಕೆ ೧೫೦, ಎಂದರೆ ಪ್ರಶ್ನೆಯೊಂದಕ್ಕೆ ೪೮ ಸೆಕೆಂಡು. ತಪ್ಪು ಉತ್ತರಕ್ಕೆ ಎರಡರಲ್ಲಿಯೂ ಕಾಲು ಅಂಕದ ನಷ್ಟ. ಕ್ಲ್ಯಾಟಿನಲ್ಲಿ ನಿಯಮವೊಂದನ್ನು ಕೊಟ್ಟು, ಅದನ್ನು ಪ್ರಸಂಗಕ್ಕೆ ಅನ್ವಯಿಸಿರೆಂದು ಕೇಳುವ ಪ್ರತ್ಯೇಕ ಭಾಗವುಂಟು. ಐಲೆಟಿನಲ್ಲಿ ಅದಿಲ್ಲ, ತರ್ಕಕ್ಕೆ ೭೦ ಪ್ರಶ್ನೆಗಳಿವೆ. ಶಾಸ್ತ್ರವಾಕ್ಯವನ್ನು ವಿಷಯಕ್ಕೆ ಹೊಂದಿಸುವುದೇ ವಕೀಲನ ಕಾರ್ಯವಾದುದರಿಂದ, ಎರಡರಲ್ಲಿ ಕ್ಲ್ಯಾಟೇ ಮೇಲೆನ್ನಬೇಕು. ವೇಗವು ಓಟಗಾರನಿಗೆ ಭೂಷಣ. ನ್ಯಾಯವಾದಿಗೆ ಸಾವಧಾನವೇ ಭೂಷಣ.

ಆದರೆ ಮೂಲದೋಷ ಎರಡಕ್ಕೂ ಸಮಾನವಾದುದು. ಆಂಗ್ಲಭಾಷೆಗೆಂದೇ ಒಂದು ಭಾಗವನ್ನಿಟ್ಟ ಮೇಲೂ, ತರ್ಕವನ್ನೂ ಲೋಕವಾರ್ತೆಯನ್ನೂ ಅದೇ ಭಾಷೆಯಲ್ಲಿ ಕೇಳುತ್ತಾರೆ. ಒಂದೇ ಸರಕಿಗೆ ಹಲವು ಸಲ ಸುಂಕ!

ಪಾಠವೆಲ್ಲ ಆಂಗ್ಲದಲ್ಲಿ ನಡೆಯುವುದರಿಂದ ಪರೀಕ್ಷೆಯೂ ಹಾಗೆಯೇ ಇರತಕ್ಕುದೆಂಬುದು ಪೂರ್ವಪಕ್ಷ. ಇದು ನಿಲ್ಲದು. ವೈದ್ಯವಿದ್ಯೆಯ ಪಾಠವೂ ನಮ್ಮಲ್ಲಿ ಆಂಗ್ಲದಲ್ಲಿಯೇ. ಆದರೂ ಅದರ ಪ್ರವೇಶಕ್ಕಿರುವ ‘ನೀಟ್’ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಪದವಿ ಪಡೆದವರಿಗೆ ಭಾರತೀಯ ವಕೀಲರ ಪರಿಷತ್ತು ನಡೆಸುವ ಅರ್ಹತಾಪರೀಕ್ಷೆಯಲ್ಲಿಯೂ ಕನ್ನಡಕ್ಕೆ ಅವಕಾಶವುಂಟು. ಹೊರಡುವ ಬಾಗಿಲಲ್ಲಿ ಸಲ್ಲುವ ಭಾಷೆ ಒಳಹೊಗುವ ಬಾಗಿಲಲ್ಲಿ ಏಕೆ ಸಲ್ಲದು? ಭಾಷಾಂತರ ಕಷ್ಟವೆಂಬವರು ಜೀವಶಾಸ್ತ್ರದ ಪರಿಭಾಷೆಯನ್ನೇ ಕನ್ನಡಕ್ಕೆ ತಂದಿರುವುದನ್ನು ನೋಡಲಿ.

ಬೆಂಗಳೂರಿನ ಶಾಲೆಯು ನೂರಕ್ಕೆ ೨೫ ಸ್ಥಾನಗಳನ್ನು ಕರ್ನಾಟಕದಲ್ಲಿ ಓದಿದವರಿಗೆ ಮೀಸಲಿರಿಸಿದೆ; ಇದು ಶ್ಲಾಘ್ಯ. ಆದರೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಯು ಆ ಸ್ಥಾನಕ್ಕೂ ಆಂಗ್ಲದ ಹೊಸ್ತಿಲನ್ನೇ ದಾಟಬೇಕು. ಬಾಗಿಲನ್ನು ತೆರೆದು ಹೊಸ್ತಿಲನ್ನು ಎದೆಯೆತ್ತರಕ್ಕೆ ಕಟ್ಟಿದರೆ ಅದು ಎಂತಹ ಆಹ್ವಾನ?

ತಾಲ್ಲೂಕಿನ ನ್ಯಾಯಾಲಯಕ್ಕೆ ಬರುವ ರೈತನು ತನ್ನ ವ್ಯಾಜ್ಯವನ್ನು ಹೇಳಿಕೊಳ್ಳುವುದು ಕನ್ನಡದಲ್ಲಿ. ಅವನ ಮಾತನ್ನು ಬಲ್ಲವರನ್ನೇ ಹೊರಗಿಡುವ ತಕ್ಕಡಿಯನ್ನು ನ್ಯಾಯದ ತಕ್ಕಡಿಯೆಂದು ಕರೆಯಲಾಗದು. ಆಂಗ್ಲವನ್ನು ಅದರ ಭಾಗದಲ್ಲಿ ಪರೀಕ್ಷಿಸಲಿ. ಬುದ್ಧಿಯನ್ನು ಅವರವರ ಭಾಷೆಯಲ್ಲಿ ಪರೀಕ್ಷಿಸಲಿ. ಅದೇ ನ್ಯಾಯ.